‘ಗ್ರಂಥಸೂಚಿ’ ಎಂಬ ಪದದ ಅರ್ಥ ಮತ್ತು ಮೂಲ: ಒಂದು ವಿಮರ್ಶೆ

ಸಂಶೋಧನ ಲೇಖನಗಳ ಕೊನೆಯಲ್ಲಿ ಹತ್ತಿಪ್ಪತ್ತು ಪುಸ್ತಕಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಅದರ ಮೇಲೊಂದು ತಲೆಬರಹವನ್ನು ಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ಈ ತಲೆಬರಹ ಒಬ್ಬರಲ್ಲಿ ‘ಗ್ರಂಥಋಣ’ವೆಂದಿದ್ದರೆ ಇನ್ನೊಬ್ಬರಲ್ಲಿ ‘ಪರಾಮರ್ಶನ ಗ್ರಂಥಗಳು’. ಮತ್ತೊಬ್ಬರಲ್ಲಿ ‘ಆಕರ ಗ್ರಂಥಗಳು’ ಅಥವಾ ‘ಗ್ರಂಥಸೂಚಿ’. ಹಿಂದಿಯ ಮಾರ್ಗವನ್ನು ಅನುಸರಿಸಿದವರಲ್ಲಿ ‘ಸಂದರ್ಭ ಗ್ರಂಥಸೂಚಿ’. ಇವೆಲ್ಲವೂ ‘ಬಿಬ್ಲಿಯಾಗ್ರಫಿ’ ಎಂಬ ಒಂದೇ ಪದಕ್ಕೆ ಸಮಾನವೆಂದು ನಾವು ಎಣಿಸಿಕೊಂಡಿದ್ದೇವೆ. ಸಮಾನವಲ್ಲವೆಂಬುದು ಪ್ರಕೃತ ಲೇಖಕನ ಅಭಿಪ್ರಾಯ. ಇದು ಬರಿಯ ಪರಿಭಾಷೆಯ ಜಗಳವಾಗಿದ್ದರೆ ಪಂಡಿತರ ಕಾಲವನ್ನು ವ್ಯಯಮಾಡುವ ಅಗತ್ಯವಿರಲಿಲ್ಲ. ಪದದ ಅರ್ಥವನ್ನು ಸಂಕೋಚಗೊಳಿಸಿಕೊಂಡ ಪರಿಣಾಮವಾಗಿ, ಒಂದು ಪುರಾಣವನ್ನು ಸಂಪಾದಿಸಿದವರು ಮುದ್ರಿತ ಗ್ರಂಥಗಳ ಪಟ್ಟಿಯನ್ನು ಎರಡು ಪುಟ ಕೊಟ್ಟು, ತಾವು ಆಧರಿಸಿದ ಓಲೆಗರಿಯ ಕಟ್ಟು ಯಾವ ಭಂಡಾರದ್ದು, ಯಾರು ಯಾವ ಸಂವತ್ಸರದಲ್ಲಿ ಯಾರಿಗಾಗಿ ಪ್ರತಿಮಾಡಿದ್ದು ಎಂಬುದನ್ನು ಒಂದು ವಾಕ್ಯದಲ್ಲಿಯೂ ಹೇಳದೆ ಬಿಡುತ್ತಿರುವುದನ್ನು ಕಾಣುತ್ತಿದ್ದೇವೆ. ಆ ಕಟ್ಟು ಮುಂದೆ ಹುಳು ಹಿಡಿದು ನಾಶವಾದರೆ ಮುದ್ರಿತ ಪಾಠಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.

ಮೊದಲು ಪರಕೀಯ ಪದವನ್ನು ನೋಡೋಣ. ಗ್ರೀಕ್ ಭಾಷೆಯಲ್ಲಿ ‘ಬಿಬ್ಲಿಯೊನ್’ ಎಂದರೆ ಪುಸ್ತಕ. ಅದು ‘ಬಿಬ್ಲೊಸ್’ ಎಂಬುದರಿಂದ ಬಂದುದು, ‘ಬಿಬ್ಲೊಸ್’ ಎಂದರೆ ಪಪೈರಸ್ ಜೊಂಡಿನಿಂದ ಸಿದ್ಧಪಡಿಸಿದ ಬರೆವಣಿಗೆಯ ಹಾಳೆ. ಈಗಿನ ಲೆಬನಾನಿನ ಕಡಲ ತೀರದಲ್ಲಿ ಗ್ರೀಕರು ಬಿಬ್ಲೊಸ್ ಎಂದು ಕರೆಯುತ್ತಿದ್ದ ಒಂದು ಪ್ರಾಚೀನ ಪಟ್ಟಣವಿದೆ. ಊರಿನಿಂದ ವಸ್ತುವಿಗೆ ಹೆಸರು ಬಂದಿತೋ ವಸ್ತುವಿನಿಂದ ಊರಿಗೆ ಬಂದಿತೋ ಎಂಬ ಚರ್ಚೆ ಆ ವಿದ್ವಾಂಸರಲ್ಲಿ ಮುಗಿದಿಲ್ಲ. ಉತ್ತರಪದ ‘ಗ್ರಾಫೈನ್’ ಎಂಬ ಧಾತುವಿನದು. ಅದರ ಮೂಲಾರ್ಥ ಗೀರುವುದು, ಕೆತ್ತುವುದು. ಸಂಸ್ಕೃತದ ‘ಲಿಖ್’ ಧಾತುವಿಗೂ ಇದೇ ಮೂಲಾರ್ಥವಿರುವುದನ್ನು ವಾಚಕರು ಬಲ್ಲರು. ಕಂಠದಿಂದ ಓಲೆಯನ್ನು ಗೀರಿ ಮಸಿ ತುಂಬುತ್ತಿದ್ದ ನಾಡಿನವರಿಗೆ ಈ ಅರ್ಥವನ್ನು ಉದಾಹರಣೆಕೊಟ್ಟು ವಿವರಿಸಬೇಕಾಗಿಲ್ಲ.

ಮುಖ್ಯವಾದ ಅಂಶ ಮುಂದಿನದು. ಗ್ರೀಕರಲ್ಲಿ ‘ಬಿಬ್ಲಿಯೊಗ್ರಾಫಿಯ’ ಎಂದರೆ ಪುಸ್ತಕಗಳ ಪಟ್ಟಿಯಲ್ಲ. ಪುಸ್ತಕಗಳನ್ನು ಪ್ರತಿಮಾಡುವ ಕೆಲಸ. ‘ಬಿಬ್ಲಿಯೊಗ್ರಾಫೊಸ್’ ಎಂದರೆ ಲಿಪಿಕಾರ. 1656ರಲ್ಲಿ ಪ್ರಕಟವಾದ ಥಾಮಸ್ ಬ್ಲೌಂಟನ ಇಂಗ್ಲಿಷ್ ಕೋಶದಲ್ಲಿಯೂ ‘ಬಿಬ್ಲಿಯಾಗ್ರಫರ್’ ಎಂಬುದಕ್ಕೆ ಪುಸ್ತಕ ಬರೆಯುವವನು, ಲೇಖಕವೃತ್ತಿಯವನು ಎಂಬ ಅರ್ಥವೇ ಇದೆ. ಪಟ್ಟಿಯೆಂಬ ಅರ್ಥದ ಪ್ರಯೋಗ 1633ರಲ್ಲಿ ಗೇಬ್ರಿಯಲ್ ನೊಡೆ ತನ್ನ ರಾಜನೀತಿಗ್ರಂಥಗಳ ವಿವರಣೆಗೆ ‘ಬಿಬ್ಲಿಯೊಗ್ರಾಫಿಯ ಪೊಲಿಟಿಕ’ ಎಂದು ಹೆಸರಿಟ್ಟಾಗ ಕಾಣಿಸಿಕೊಂಡು, ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚರ ಮೂಲಕ ಬಲವಾಯಿತು. ಅದಕ್ಕೆ ಮುನ್ನ, 1545ರಲ್ಲಿ, ತನಗೆ ತಿಳಿದ ಗ್ರಂಥಗಳನ್ನೆಲ್ಲ ಪಟ್ಟಿಮಾಡಿದ ಕೊನ್ರಾಡ್ ಗೆಸ್ನರ್ ಈ ಪದವನ್ನು ಬಳಸದೆ ‘ಬಿಬ್ಲಿಯೊಥೆಕ’ ಎಂದ. ಅದರ ಅರ್ಥ ಪುಸ್ತಕಗಳನ್ನು ಇಡುವ ಭಂಡಾರ. ಲೂಯಿ ರೈಸ್ ಅವರ ‘ಬಿಬ್ಲಿಯೊಥೆಕ ಕರ್ನಾಟಿಕ’ ಮಾಲೆಯ ಹೆಸರಿನಲ್ಲಿರುವುದೂ ಈ ಪದವೇ. ಇಪ್ಪತ್ತನೆಯ ಶತಮಾನದಲ್ಲಿ ಮೆಕೆರೊ, ಗ್ರೆಗ್, ಬೋವರ್ಸ್ ಮೊದಲಾದವರು ‘ಬಿಬ್ಲಿಯಾಗ್ರಫಿ’ಗೆ ಮತ್ತೆ ಒಂದು ತಿರುವು ಕೊಟ್ಟರು. ಅವರ ದೃಷ್ಟಿಯಲ್ಲಿ ಅದು ಪುಸ್ತಕವನ್ನು ಭೌತಿಕ ವಸ್ತುವಾಗಿ ಪರೀಕ್ಷಿಸಿ, ಅದು ಹೇಗೆ ತಯಾರಾಯಿತು, ತಯಾರಿಯಲ್ಲಿ ಪಾಠ ಹೇಗೆ ಕೆಟ್ಟಿತು ಎಂಬುದನ್ನು ಕಂಡುಹಿಡಿಯುವ ಶಾಸ್ತ್ರ. ಹೀಗೆ ಪ್ರತಿಮಾಡುವಿಕೆಯಿಂದ ಹೊರಟ ಪದ ಪಟ್ಟಿಯ ಮೂಲಕ ಸಾಗಿ, ಪ್ರತಿಯು ಆದ ಬಗೆಯನ್ನು ಅರಿಯುವಿಕೆಗೆ ಹಿಂದಿರುಗಿದೆ. ನಾವು ಎರವಲು ಪಡೆದುದು ನಡುವಣ ಅರ್ಥವನ್ನು ಮಾತ್ರ.

ಇನ್ನು ನಮ್ಮ ಪದಗಳು. ‘ಗ್ರಂಥ’ವು ಕಟ್ಟುವುದು, ಪೋಣಿಸುವುದು ಎಂಬ ಅರ್ಥದ ಧಾತುವಿನಿಂದ ಆದುದು; ‘ಗ್ರಂಥಿ’ ಎಂದರೆ ಗಂಟು. ‘ಸೂಚಿ’ ಎಂದರೆ ಮೂಲದಲ್ಲಿ ಸೂಜಿ. ಚುಚ್ಚಿ ತೋರಿಸುವುದರಿಂದ ಸೂಚಿಸುವುದು, ಅದರಿಂದ ಅನುಕ್ರಮಣಿಕೆ. ಎಲೆಗಳಿಗೆ ರಂಧ್ರಮಾಡಿ, ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿಡುವ ಕ್ರಿಯೆಯೆಲ್ಲವೂ ಈ ಸಮಾಸದ ಎರಡು ಪದಗಳಲ್ಲಿ ಅಡಗಿದೆಯೆಂದರೆ ಕಲ್ಪನೆಯ ಮಾತೆನಿಸೀತು. ಆದರೆ ಕಟ್ಟನ್ನು ಬಿಚ್ಚಿ ನೋಡದೆ ಗ್ರಂಥಸೂಚಿಯನ್ನು ಮಾಡಲಾಗದೆಂಬುದು ಕಲ್ಪನೆಯಲ್ಲ. ಲಿಪಿಕಾರರ ವ್ಯವಹಾರದಲ್ಲಿ ‘ಗ್ರಂಥ’ಕ್ಕೆ ಇನ್ನೂ ಒಂದು ಅರ್ಥವಿತ್ತು: ಮೂವತ್ತೆರಡು ಅಕ್ಷರಗಳ ಒಂದು ಮಾನ. ಗದ್ಯವಾಗಲಿ ಪದ್ಯವಾಗಲಿ ಒಟ್ಟು ಅಕ್ಷರಗಳನ್ನು ಮೂವತ್ತೆರಡರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ‘ಗ್ರಂಥಾಗ್ರ’ವೆಂದು ಕೊನೆಯಲ್ಲಿ ನಮೂದಿಸುತ್ತಿದ್ದರು. ಲಿಪಿಕಾರನ ಸಂಭಾವನೆಗೆ ಇದೇ ಲೆಕ್ಕ. ಪ್ರತಿಯಲ್ಲಿ ಲೋಪವಾಗಿದೆಯೇ ಎಂಬುದಕ್ಕೂ ಇದೇ ಒರೆಗಲ್ಲು. ಹತ್ತುಸಾವಿರ ಗ್ರಂಥವೆಂದು ಹೇಳಿದ ಕೃತಿ ಎಂಟುಸಾವಿರಕ್ಕೆ ಮುಗಿದರೆ ನಡುವೆ ಎಲ್ಲಿಯೋ ಎಲೆಗಳು ಬಿದ್ದಿವೆಯೆಂದು ತಿಳಿಯಬೇಕು. ಈ ಸಂಖ್ಯೆಯನ್ನು ನಮ್ಮ ಸೂಚಿಕಾರರು ಎಷ್ಟು ಕಡೆ ಬಿಟ್ಟಿದ್ದಾರೆಂಬುದನ್ನು ವಾಚಕರು ತಮ್ಮ ಕೈಯಲ್ಲಿರುವ ಸೂಚಿಗಳಲ್ಲಿಯೇ ಪರೀಕ್ಷಿಸಿಕೊಳ್ಳಬಹುದು.

ಜೈನರಿಗೆ ಈ ಪದದಲ್ಲಿ ಇನ್ನೂ ಆಳವಾದ ಸ್ವಾರಸ್ಯವಿದೆ. ಆಗಮದಲ್ಲಿ ‘ಗ್ರಂಥ’ವೆಂದರೆ ಪರಿಗ್ರಹ. ಬಾಹ್ಯವಾದುವು ಹತ್ತು, ಆಭ್ಯಂತರವಾದುವು ಹದಿನಾಲ್ಕು. ಇವೆರಡನ್ನೂ ತೊರೆದವನು ನಿರ್ಗ್ರಂಥ. ಗಂಟುಗಳನ್ನೆಲ್ಲ ಬಿಚ್ಚಿದ ನಿರ್ಗ್ರಂಥರ ಪರಂಪರೆಯೇ ಈ ನಾಡಿನಲ್ಲಿ ಅತಿ ಹೆಚ್ಚು ಗ್ರಂಥಗಳನ್ನು ಕಟ್ಟಿ ಕಾಪಾಡಿತೆಂಬುದನ್ನು ನೆನೆದರೆ, ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ವಿಧಿಸಿದುದರ ಔಚಿತ್ಯ ತಿಳಿಯುತ್ತದೆ. ಮುನಿಯು ಪ್ರತಿಯನ್ನು ತನ್ನದೆಂದು ಇಟ್ಟುಕೊಳ್ಳಲಾರ. ಶ್ರಾವಕನು ಬರೆಯಿಸಿ ಕೊಡಬೇಕು. ಆದುದರಿಂದಲೇ ನಮ್ಮ ಪ್ರತಿಗಳ ಅಂತ್ಯದಲ್ಲಿ ಕವಿಯ ಪ್ರಶಸ್ತಿಯಲ್ಲದೆ, ಬರೆಯಿಸಿದವರ ಮತ್ತು ಬರೆದವರ ಪ್ರಶಸ್ತಿಯೂ ಇರುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿ ನಮಗೆ ತಿಳಿದಿರುವುದು 993ರಲ್ಲಿ ಅವಳ ಆಶ್ರಯದಲ್ಲಿ ಅಜಿತಪುರಾಣವನ್ನು ಬರೆದ ರನ್ನನಿಂದ. ಗ್ರೀಕರ ಮೂಲಾರ್ಥದಲ್ಲಿ ‘ಬಿಬ್ಲಿಯೊಗ್ರಾಫಿಯ’ ಎಂದರೆ ಇದೇ. ಕನ್ನಡನಾಡಿನ ಆದ್ಯ ಗ್ರಂಥಸೂಚಿಕಾರರು ಯಾರೆಂದು ಕೇಳಿದರೆ ಹತ್ತೊಂಬತ್ತನೆಯ ಶತಮಾನದ ಸೂಚಿಗಳನ್ನು ತೋರಿಸುವವರು ಈ ಮಾತನ್ನು ಸ್ವಲ್ಪ ಪರ್ಯಾಲೋಚಿಸಬೇಕು.

‘ಪುಸ್ತಕ’ದ ತದ್ಭವ ‘ಪೊತ್ತಗೆ’, ಹೊಸಗನ್ನಡದಲ್ಲಿ ‘ಹೊತ್ತಗೆ’. ಪಂಪೆ ಹಂಪೆಯಾದುದೂ, ಪೊಸತು ಹೊಸತಾದುದರಿಂದ ಹೊಸಪೇಟೆಯ ಹೆಸರಿನ ಪೂರ್ವಪದ ಸಿದ್ಧವಾದುದೂ ಇದೇ ನಿಯಮದಿಂದ. ಹಸ್ತಪ್ರತಿಯಲ್ಲಿ ಪಕಾರ ಹಕಾರಗಳ ಪ್ರಮಾಣವನ್ನು ನೋಡಿ ಪಾಠದ ಕಾಲವನ್ನು ಊಹಿಸುವ ಸಂಪಾದಕರು ಒಂದು ಅಂಶವನ್ನು ಮರೆಯಬಾರದು: ಆ ಪ್ರಮಾಣ ಕವಿಯ ಕಾಲದ್ದಾಗಿರಬೇಕಾಗಿಲ್ಲ, ಲಿಪಿಕಾರನ ಬಾಯಿಯದೂ ಆಗಿರಬಹುದು.

ಮುದ್ರಿತ ಸೂಚಿಗಳನ್ನು ಕುರಿತು ಎರಡು ಮಾತು. ಹದಿನಾಲ್ಕನೆಯ ಶತಮಾನದ್ದೆಂದು ಎಣಿಸಲಾಗಿರುವ ಬೃಹಟ್ಟಿಪ್ಪಣಿಕಾ ಎಂಬ ಅಜ್ಞಾತಕರ್ತೃಕ ಜೈನಗ್ರಂಥಪಟ್ಟಿ ಪಶ್ಚಿಮ ಭಾರತದಲ್ಲಿ ಹುಟ್ಟಿತು. ಪಟ್ಟಿಮಾಡುವ ವಿದ್ಯೆಯನ್ನು ಪಾಶ್ಚಾತ್ಯರೇ ನಮಗೆ ಕಲಿಸಿದರೆಂಬ ಮಾತಿಗೆ ಅದೊಂದೇ ಉತ್ತರವಾದೀತು. 1944ರಲ್ಲಿ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಿಂದ ಹೊರಬಂದ ವೇಲಣಕರರ ಜಿನರತ್ನಕೋಶ ಇಂದಿಗೂ ಕೈಬಿಡಲಾಗದ ಗ್ರಂಥ. ಆದರೆ ಅದು ಬಹುಮಟ್ಟಿಗೆ ಸೂಚಿಗಳಿಂದ ಮಾಡಿದ ಸೂಚಿ, ಕನ್ನಡನಾಡಿನ ಭಂಡಾರಗಳ ಪಾಲು ಅದರಲ್ಲಿ ಅಲ್ಪ. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು (1907, 1919, 1929) ಇಲ್ಲದಿದ್ದರೆ ನಾವಾರೂ ಇಂದು ಈ ಮಾತನ್ನಾಡುತ್ತಿರಲಿಲ್ಲ. ಅದು ಹೆಸರೇ ಹೇಳುವಂತೆ ಕವಿಗಳ ಚರಿತೆ, ಪ್ರತಿಗಳ ಚರಿತೆಯಲ್ಲ. ಈ ಕೊರತೆಯನ್ನು ಕರಾವಳಿಯ ಮಟ್ಟಿಗಾದರೂ ತುಂಬಿದವರು ಕೆ. ಭುಜಬಲಿ ಶಾಸ್ತ್ರಿಗಳು. 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದವರು ಪ್ರಕಟಿಸಿದ ಅವರ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಮೂಡಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳನ್ನು ಸ್ವತಃ ಕಂಡು ಮಾಡಿದ ಕೆಲಸ. ಕಟ್ಟುಗಳ ಮುಂದೆ ಕುಳಿತು ಮಾಡಿದ ಸೂಚಿಗೂ ಮೇಜಿನ ಮೇಲೆ ಇತರ ಸೂಚಿಗಳನ್ನು ಹರಡಿಕೊಂಡು ಮಾಡಿದ ಸೂಚಿಗೂ ಇರುವ ವ್ಯತ್ಯಾಸ ಅದನ್ನು ಬಳಸಿದವರಿಗೆ ಗೊತ್ತು. ‘ಪ್ರಾಂತೀಯ’ ಎಂಬ ವಿಶೇಷಣ ಮಾತ್ರ ವಸ್ತುಸ್ಥಿತಿಗಿಂತ ವಿಸ್ತಾರವಾದುದು. ತುಂಗಭದ್ರೆಯ ಪ್ರದೇಶ ಅದರೊಳಗೆ ಬರುವುದಿಲ್ಲ.

ಪ್ರತಿಗಳ ವಂಶಾವಳಿಯನ್ನು ಅರಿಯದೆ ಪಾಠವನ್ನು ನಂಬಲಾಗದೆಂಬುದಕ್ಕೆ ಧವಲೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯ ಓಲೆಗರಿಗಳಿಂದ ಇಳಿಸಿದ ಪ್ರತಿ, ಅದರಿಂದ ಇಳಿಸಿದ ಪ್ರತಿ, ಹೀಗೆ ಹೊರನಾಡನ್ನು ಸೇರಿದ ಪ್ರತಿಗಳನ್ನು ಆಧರಿಸಿ ಡಾ. ಹೀರಾಲಾಲ್ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಮೂಲ ಓಲೆಗರಿಗಳೊಡನೆ ಹೋಲಿಸಿ ನೋಡುವ ಅವಕಾಶ ಒದಗಿದುದು ಅನಂತರ. ತಾವು ಕಂಡ ಪ್ರತಿ ಯಾವುದು, ಅದು ಯಾವುದರ ಪ್ರತಿ ಎಂಬುದನ್ನು ಅವರು ಮರೆಮಾಚದೆ ಹೇಳಿದುದರಿಂದಲೇ ಮುಂದಿನ ತಿದ್ದುಪಡಿಗಳು ಸಾಧ್ಯವಾದವು.

ಈಗ ಹಂಪೆಗೆ ಬರೋಣ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಬದಿಯಲ್ಲಿ ‘ಗಾಣಗಿತ್ತಿ ಗುಡಿ’ ಎಂದು ಜನ ಕರೆಯುವ ಜಿನಾಲಯವಿದೆ. ಅದರ ಮುಂದಿನ ಕಂಬದ ಸಂಸ್ಕೃತ ಶಾಸನವನ್ನು ಹುಲ್ಶ್ ಅವರು 1890ರ ‘ದಕ್ಷಿಣ ಭಾರತದ ಶಾಸನಗಳು’ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಶಕ 1307, ಎಂದರೆ ಕ್ರಿ.ಶ. 1385-86ರಲ್ಲಿ, ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು ಕುಂಥುಜಿನನಾಥನಿಗೆ ಈ ಶಿಲಾಮಯ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಶಾಸನದ ಹೆಸರು ಕುಂಥುನಾಥ ಜಿನಾಲಯ. ರೂಢಿಯ ಹೆಸರು ಎಣ್ಣೆ ತೆಗೆಯುವ ಹೆಂಗಸಿನದು. ಸೂಚಿಕಾರನು ಯಾವುದರ ಅಡಿಯಲ್ಲಿ ನಮೂದಿಸಬೇಕು? ಕೃತಿಗಳ ವಿಷಯದಲ್ಲಿಯೂ ದಿನನಿತ್ಯ ಎದುರಾಗುವ ಪ್ರಶ್ನೆ ಇದು: ಕವಿ ಗ್ರಂಥದೊಳಗೆ ಇಟ್ಟ ಹೆಸರೊಂದು, ಕಟ್ಟಿನ ಹಲಗೆಯ ಮೇಲೆ ಯಾರೋ ಗೀಚಿದ ಹೆಸರೊಂದು. ಹಲಗೆಯ ಹೆಸರನ್ನು ನಂಬಿ ನಮೂದಿಸಿದ ಪುರಾಣಗಳು ‘ಅನುಪಲಬ್ಧ’ವೆಂಬ ಹೆಸರಿನಲ್ಲಿ ಭಂಡಾರಗಳಲ್ಲಿಯೇ ಮಲಗಿರುವ ಸಂಭವ ಉಂಟು.

ಅದೇ ಕಂಬದಲ್ಲಿ ಇನ್ನೂ ಕಠಿನವಾದ ಒಂದು ಸಮಸ್ಯೆಯಿದೆ. ಮೂಲಸಂಘ, ನಂದಿಸಂಘ, ಬಲಾತ್ಕಾರಗಣ, ಸಾರಸ್ವತಗಚ್ಛಗಳ ಗುರುಪರಂಪರೆಯನ್ನು ಹೇಳುವಾಗ ಶಾಸನವು ಪದ್ಮನಂದಿಗೆ ಐದು ಹೆಸರುಗಳನ್ನು ಕೊಡುತ್ತದೆ: ಪದ್ಮನಂದಿ, ಕುಂದಕುಂದ, ವಕ್ರಗ್ರೀವ, ಏಲಾಚಾರ್ಯ, ಗೃಧ್ರಪಿಚ್ಛ. ಇದನ್ನು ಪ್ರಮಾಣವಾಗಿ ಹಿಡಿದರೆ ಐದು ಹೆಸರುಗಳ ಅಡಿಯಲ್ಲಿ ಬರುವ ಕೃತಿಗಳೆಲ್ಲ ಒಬ್ಬರವಾಗುತ್ತವೆ. ಆದರೆ ಶ್ರವಣಬೆಳಗೊಳದ ಶಾಸನಗಳು ಗೃಧ್ರಪಿಚ್ಛವೆಂಬ ಹೆಸರನ್ನು ತತ್ತ್ವಾರ್ಥಸೂತ್ರದ ಉಮಾಸ್ವಾತಿಗೆ ಕೊಡುತ್ತವೆ. 1935ರ ಪ್ರವಚನಸಾರದ ಪೀಠಿಕೆಯಲ್ಲಿ ಡಾ. ಆ. ನೇ. ಉಪಾಧ್ಯೆಯವರು ಈ ಐದು ಹೆಸರುಗಳನ್ನು ಒಂದೊಂದಾಗಿ ವಿಚಾರಿಸಿ, ಎಲ್ಲವಕ್ಕೂ ಸಮಾನ ಪ್ರಾಮಾಣ್ಯವನ್ನು ಕೊಡದೆ ತೂಗಿನೋಡಿದ ರೀತಿ ನಿಜವಾದ ಗ್ರಂಥಸೂಚಿಕಾರನ ರೀತಿ. ಕುಂದಕುಂದಾಚಾರ್ಯರ ಕಾಲಕ್ಕೂ ಈ ಕಂಬಕ್ಕೂ ನಡುವೆ ಹಲವು ಶತಮಾನಗಳ ಅಂತರವಿದೆಯೆಂಬುದನ್ನು ನೆನೆದರೆ, ಭಕ್ತಿಯಿಂದ ಕೆತ್ತಿದ ವಾಕ್ಯವನ್ನು ಭಕ್ತಿಯಿಂದಲೇ ಓದಿ, ಸೂಚಿಯಲ್ಲಿ ಮಾತ್ರ ಬೇರೆ ಬೇರೆ ನಮೂದುಗಳನ್ನಿಟ್ಟು ಪರಸ್ಪರ ನಿರ್ದೇಶಿಸುವುದು ಮೇಲೆಂದು ತೋರುತ್ತದೆ. ಇದರಿಂದ ಆಚಾರ್ಯರ ಮಹಿಮೆಗೆ ಯಾವ ಕುಂದೂ ಇಲ್ಲ.

ಇರುಗಪ್ಪನು ಕೇವಲ ಸೇನಾನಿಯಲ್ಲ. ಸಂಸ್ಕೃತದ ‘ನಾನಾರ್ಥರತ್ನಮಾಲಾ’ ಎಂಬ ಕೋಶ ಇರುಗಪ ದಂಡಾಧಿನಾಥನ ಹೆಸರಿನಲ್ಲಿದೆ. ಒಂದು ಪದಕ್ಕೆ ಅನೇಕ ಅರ್ಥಗಳಿರುವುದನ್ನು ಸಂಗ್ರಹಿಸುವುದೇ ಅದರ ವಿಷಯ. ಪದದ ಅರ್ಥವ್ಯಾಪ್ತಿಯನ್ನು ಚರ್ಚಿಸುವ ಪ್ರಕೃತ ಲೇಖನಕ್ಕೆ ಇದಕ್ಕಿಂತ ಯೋಗ್ಯನಾದ ಪೂರ್ವಸೂರಿ ವಿಜಯನಗರದಲ್ಲಿ ದೊರೆಯಲಾರನು. ಆದರೆ ಯಾವ ಇರುಗಪ್ಪ? 1422ರ ಶ್ರವಣಬೆಳಗೊಳದ ಶಾಸನ ಬೈಚಪ್ಪನ ಮಕ್ಕಳಲ್ಲಿ ಒಬ್ಬ ಇರುಗಪ್ಪನನ್ನೂ, ಅವನ ಅಣ್ಣ ಮಂಗಪ್ಪನ ಮಕ್ಕಳಲ್ಲಿ ಇನ್ನೊಬ್ಬ ಇರುಗಪ್ಪನನ್ನೂ ಹೇಳುತ್ತದೆ. ಇಬ್ಬರೂ ದಂಡನಾಯಕರು, ಇಬ್ಬರೂ ಜಿನಭಕ್ತರು. ಕೋಶವನ್ನು ಸಾಮಾನ್ಯವಾಗಿ ಹರಿಹರನ ಕಾಲದವನಿಗೇ ಸಲ್ಲಿಸುತ್ತ ಬಂದಿದ್ದಾರೆ. ಅದು ಸರಿಯೆಂದೇ ಈ ಲೇಖಕನಿಗೂ ತೋರುತ್ತದೆ. ಆದರೂ ಸೂಚಿಗಳಲ್ಲಿ ‘ಇರುಗಪ್ಪ’ ಎಂದಷ್ಟೇ ಬರೆದು ತಂದೆಯ ಹೆಸರನ್ನೂ ಅರಸನ ಹೆಸರನ್ನೂ ಬಿಡುವುದು ಸಲ್ಲದು. ‘ದಂಡಾಧಿನಾಥ’ ಎಂಬುದು ಪದವಿ. ಅದನ್ನೇ ಕರ್ತೃನಾಮವಾಗಿ ಹಿಡಿದರೆ ಗೊಂದಲ ಇಮ್ಮಡಿಯಾಗುತ್ತದೆ. ಈ ಬಗೆಯ ನಿರ್ಣಯಕ್ಕೆ ಪ್ರತಿಗಳ ಆದ್ಯಂತವಾಕ್ಯಗಳೇ ಆಧಾರ. ಅವನ್ನು ಪೂರ್ಣವಾಗಿ ಕೊಡದ ಸೂಚಿ ಎಷ್ಟೇ ದೊಡ್ಡದಾಗಿರಲಿ ಇಲ್ಲಿ ನೆರವಾಗದು.

ಕಂಪ್ಲಿಯ ವಿಷಯದಲ್ಲಿ ಸಮಸ್ಯೆ ತಿರುವುಮುರುವಾದುದು. ಅಲ್ಲಿ ಒಬ್ಬನಿಗೆ ಐದು ಹೆಸರಲ್ಲ, ಒಂದು ಕಥೆಗೆ ಹಲವರು ಕವಿಗಳು. ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ನಂಜುಂಡ, ಪಾಂಚಾಳ ಗಂಗ, ಮಹಾಲಿಂಗಸ್ವಾಮಿ ಮೊದಲಾದವರು ಹಾಡಿದ್ದಾರೆ. ಕಟ್ಟಿನ ಮೊದಲ ಎಲೆ ಕಳೆದುಹೋದರೆ ‘ಕುಮಾರರಾಮನ ಸಾಂಗತ್ಯ’ ಎಂಬ ಹೆಸರೊಂದೇ ಉಳಿದು ಯಾರದು ಎಂಬುದು ತಿಳಿಯದು. ಇವು ಜೈನಕೃತಿಗಳಲ್ಲವೆಂದು ನಮ್ಮವರು ಉದಾಸೀನ ಮಾಡಬಾರದು. ಬಸದಿಯ ಭಂಡಾರದಲ್ಲಿ ಜೈನೇತರ ಕೃತಿಗಳೂ ಮಠದ ಭಂಡಾರದಲ್ಲಿ ಜೈನಕೃತಿಗಳೂ ಸೇರಿರುವುದು ಎಲ್ಲ ಸರ್ವೇಕ್ಷಕರ ಅನುಭವ.

ಸ್ಥಳನಾಮಗಳನ್ನು ನಮೂದಿಸುವಲ್ಲಿಯೂ ಎಚ್ಚರ ಬೇಕು. ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನ. ಅನಂತರ ಮದರಾಸಿಗೆ ಸೇರಿ, 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಬಂದಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ ಹಂಪೆ ಹೊಸ ಜಿಲ್ಲೆಗೆ ಸೇರಿತು. ಒಂದು ಕಾಲಕ್ಕೆ ಹೊಸಪೇಟೆಯ ತಾಲ್ಲೂಕಿನಲ್ಲಿದ್ದ ಕಂಪ್ಲಿಯೂ ಪಕ್ಕದ ಸಂಡೂರೂ ಬಳ್ಳಾರಿಯಲ್ಲಿಯೇ ಉಳಿದವು. ಹಳೆಯ ಮದರಾಸು ಸೂಚಿಯ ‘ಬಳ್ಳಾರಿ ಜಿಲ್ಲೆ’ಯನ್ನು ಇಂದಿನ ಬಳ್ಳಾರಿಯೆಂದು ತಿಳಿದವರು ಹಂಪೆಯ ಸಾಮಗ್ರಿಯನ್ನು ತಪ್ಪಾದ ಕಡೆ ಹುಡುಕುತ್ತಾರೆ. ಲಿಪಿಕಾರನು ಬರೆದ ಹೆಸರು ಪಂಪಾಕ್ಷೇತ್ರವೋ ವಿದ್ಯಾನಗರಿಯೋ ಇದ್ದಂತೆಯೇ ಮೊದಲು ಕೊಟ್ಟು, ಆಮೇಲೆ ಇಂದಿನ ಊರನ್ನು ಬರೆಯುವುದು ಸರಿಯಾದ ಕ್ರಮ.

ಪರಿಭಾಷೆಯ ವಿಷಯದಲ್ಲಿ ಈ ಲೇಖಕನ ಸೂಚನೆ ಇಷ್ಟು. ಲೇಖನದ ಕೊನೆಯ ಪಟ್ಟಿಗೆ ‘ಪರಾಮರ್ಶನ ಗ್ರಂಥಗಳು’ ಸಾಕು. ‘ಗ್ರಂಥಋಣ’ ಕೇಳಲು ಹಿತವಾದ ಪದ, ವಿನಯವನ್ನೂ ತೋರುತ್ತದೆ. ಆದರೆ ಓದದ ಪುಸ್ತಕದ ಋಣವನ್ನೂ ಒಪ್ಪಿಕೊಳ್ಳುವವರು ಇರುವುದರಿಂದ ಅದನ್ನು ಮಿತವಾಗಿ ಬಳಸುವುದು ಲೇಸು. ‘ಆಕರ’ವನ್ನು ಹಸ್ತಪ್ರತಿ ಮತ್ತು ಶಾಸನಗಳಿಗೆ ಮೀಸಲಿಡಬೇಕು. ‘ಗ್ರಂಥಸೂಚಿ’ಯು ಭಂಡಾರದ ಅನುಕ್ರಮಣಿಕೆಗೆ ಸಲ್ಲಲಿ. ಒಂದೊಂದು ಕಟ್ಟಿನ ಎಲೆ, ಸಾಲು, ಲಿಪಿ, ಗ್ರಂಥಾಗ್ರ, ಆದ್ಯಂತವಾಕ್ಯ, ಬರೆಯಿಸಿದವರ ಮತ್ತು ಬರೆದವರ ಪ್ರಶಸ್ತಿ ಇವನ್ನೊಳಗೊಂಡ ವಿವರಣೆಗೆ ‘ಪ್ರತಿವಿವರಣೆ’ ಎಂಬ ಬೇರೆ ಹೆಸರನ್ನು ರೂಢಿಗೆ ತರಬೇಕು.

1991ರಲ್ಲಿ ಸ್ಥಾಪಿತವಾದ ಹಂಪೆಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆ ಪ್ರತ್ಯೇಕ ವಿಭಾಗವೇ ಇದೆ. 2003ರಿಂದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಕೆಲಸವೂ ನಡೆದುಬಂದಿದೆ. ಛಾಯಾಪ್ರತಿಗಳು ಹೆಚ್ಚಿವೆ. ಛಾಯಾಗ್ರಾಹಕನಿಗೆ ಕೊನೆಯ ಎಲೆಯೂ ಇತರ ಎಲೆಗಳಂತೆ ಒಂದು ಎಲೆ. ಅದರ ಮಹತ್ತ್ವವನ್ನು ಹೇಳಬೇಕಾದವರು ಪಂಡಿತರು. ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಜ್ಯೇಷ್ಠ ಶುಕ್ಲ ಪಂಚಮಿಯಂದು, ಶ್ರುತಪಂಚಮಿಯ ಪೂಜೆಗಾಗಿ, ಕಟ್ಟುಗಳನ್ನು ಹೊರತೆಗೆದು ಧೂಳು ಕೊಡವಿ ಹೊಸ ವಸ್ತ್ರ ಸುತ್ತುವ ಪದ್ಧತಿ ಇನ್ನೂ ಉಳಿದಿದೆ. ವರ್ಷದಲ್ಲಿ ಆ ಒಂದು ದಿನ ದಾರ ಬಿಚ್ಚಿರುತ್ತದೆ. ಆಗ ಅಲ್ಲಿರುವ ಶಾಸ್ತ್ರಜ್ಞರು ಕೊನೆಯ ಎಲೆಯ ನಾಲ್ಕು ಸಾಲುಗಳನ್ನು ತಪ್ಪುಗಳನ್ನೂ ತಿದ್ದದೆ ಇದ್ದಂತೆಯೇ ಬರೆದುಕೊಂಡು ಈ ಪತ್ರಿಕೆಗೆ ಕಳುಹಿಸಿದರೆ, ತುಂಗಭದ್ರೆಯ ಪ್ರದೇಶದ ಪ್ರತಿವಿವರಣೆಯನ್ನು ಆರಂಭಿಸಲು ಅಷ್ಟು ಸಾಕು.